ತಪ್ಪಿಗೆ ಎರಡು ರೂಪಾಯಿ

ದಾವಣಗೆರೆಯ ನಿಟುವಳ್ಳಿಯ ಹಾಲೇಶಪ್ಪ ಮೇಷ್ಟ್ರ ಮನೆಯಲ್ಲಿ ಪುಸ್ತಕದ ಕರಡು ತಿದ್ದುವುದಕ್ಕೆ ಎರಡು ದರಗಳಿದ್ದವು. ಪಡಸಾಲೆಯಲ್ಲಿ ಕೇಳಿದರೆ ಪುಕ್ಕಟೆ. ಅಡುಗೆಮನೆಯಲ್ಲಿ ಕೇಳಿದರೆ ಪುಟಕ್ಕೆ ಹದಿನೈದು ರೂಪಾಯಿ. ಬುದ್ಧಿ ಇದ್ದವರು ಯಾರು ತಾನೆ ಅಡುಗೆಮನೆಗೆ ಹೋಗುತ್ತಾರೆ ಹೇಳಿ? ಎಲ್ಲರೂ ಪಡಸಾಲೆಯಲ್ಲೇ ಕೂತು, ಕಾಫಿ ಕುಡಿದು, ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಿ, ಕಾಗದದ ಕಟ್ಟನ್ನು ಅಲ್ಲೇ ಇಟ್ಟು ಹೋಗುತ್ತಿದ್ದರು.

ಮೇಷ್ಟ್ರು ಹರಿಹರದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವರು. ಅವರ ಕೈಯಲ್ಲಿ ಕಲಿತ ಹುಡುಗರು ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ನಿವೃತ್ತರಾದವರೆಲ್ಲ ಪುಸ್ತಕ ಬರೆಯುತ್ತಿದ್ದರು, ಬರೆದವರೆಲ್ಲ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುತ್ತಿದ್ದರು. ಕಾಗದಕ್ಕೆ ದುಡ್ಡು, ಮುಖಪುಟಕ್ಕೆ ದುಡ್ಡು, ಬಿಡುಗಡೆಯ ದಿನ ಶಾಮಿಯಾನಕ್ಕೆ ದುಡ್ಡು. ತಪ್ಪು ತಿದ್ದಿಕೊಟ್ಟ ಮೇಷ್ಟ್ರಿಗೆ ಮಾತ್ರ ವೇದಿಕೆಯ ಮೇಲೆ ಒಂದು ಶಾಲು. ಹಾಗೆ ಬಂದ ಶಾಲುಗಳು ಅರವತ್ತಾರು. ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮ ಅವುಗಳನ್ನು ಟ್ರಂಕಿಗೆ ತುಂಬಿ, ಅದರಲ್ಲಿ ಹಿಡಿಸದೆ ಉಳಿದದ್ದನ್ನು ಮಿಕ್ಸಿಗೊಂದು, ಹೊಲಿಗೆ ಮಿಷನ್ನಿಗೊಂದು, ಟಿವಿಗೊಂದು ಹೊದಿಸಿದ್ದರು.

ಅಷ್ಟೇ ಆಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಮೂರು ವರ್ಷದಿಂದ ಮೇಷ್ಟ್ರ ಕಣ್ಣು ಸೋತಿತ್ತು. ಪೇಪರಿನ ದಪ್ಪಕ್ಷರದ ತಲೆಬರಹ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೊರಗಿನವರಿಗೆ ಅದನ್ನು ಅವರು ಹೇಳಿರಲಿಲ್ಲ, ಮನೆಯವರೂ ಬಾಯಿ ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಪುಕ್ಕಟೆಯಾಗಿ ಒಪ್ಪಿಕೊಂಡ ಕಟ್ಟುಗಳನ್ನೆಲ್ಲ ಒಳಗೆ ಕೂತು ತಿದ್ದುತ್ತಿದ್ದವಳು ಸೊಸೆ ವಾಣಿ. ಪುಟಕ್ಕೆ ಹದಿನೈದು ಎಂದು ಹೇಳುತ್ತಿದ್ದವಳೂ ಅವಳೇ.

ವಾಣಿ ಆನಗೋಡಿನ ಹುಡುಗಿ. ಮದುವೆಯಾಗಿ ಬಂದ ಮೇಲೆ ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಒಂಬತ್ತು ವರ್ಷ ಅಕ್ಷರ ಜೋಡಿಸಿ, ತಿದ್ದಿ, ಕೈ ಪಳಗಿಸಿಕೊಂಡವಳು. ಕೊರೊನಾ ವರ್ಷದಲ್ಲಿ ಆ ಅಂಗಡಿ ಮುಚ್ಚಿತು. ಆಮೇಲೆ ಅವಳು ಮನೆಯಲ್ಲೇ, ಊಟದ ಮೇಜಿನ ಅರ್ಧ ಭಾಗ ಹಿಡಿದುಕೊಂಡು, ಕೆಂಪು ಪೆನ್ನಿನಲ್ಲಿ ಕೆಲಸ ಮುಂದುವರಿಸಿದಳು. ಪಿಎಚ್‌ಡಿ ಮಾಡುವವರು ಇಬ್ಬರು, ಕವಿಗಳು ಮೂವರು ದುಡ್ಡು ಕೊಟ್ಟು ತಿದ್ದಿಸಿಕೊಂಡಿದ್ದರು. ಉಳಿದವರಿಗೆಲ್ಲ ಪಡಸಾಲೆಯ ದರ ಗೊತ್ತಾಗಿತ್ತು.

ಗಣೇಶನ ಹಬ್ಬ ಮುಗಿದ ವಾರ, ರೊಟ್ಟಿ ಮುರಿಯುತ್ತಾ ವಾಣಿಯ ಗಂಡ ಬಸವಪ್ರಭು ಮಾತು ತೆಗೆದ. ಅವನಿಗೆ ಚೌಕಿಪೇಟೆಯ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯೊಂದರಲ್ಲಿ ಪಾಲಿತ್ತು. ಪಾಲಿನಲ್ಲಿ ಈಚೆಗೆ ಲಾಭ ಕಡಿಮೆ, ಮಾತು ಹೆಚ್ಚು.

"ದೊಡ್ಡಪ್ಪನ ಮಗ ಸೀರೆ ಅಂಗಡಿ ದೊಡ್ಡದು ಮಾಡ್ಯಾನೆ. ಕೌಂಟರಿಗೆ ಮನೆಯೋರೇ ಬೇಕಂತೆ. ತಿಂಗಳಿಗೆ ಹತ್ತು ಸಾವಿರ. ನಿನ್ನ ಕೇಳಿದ."

"ನನಗೆ ಕೆಲಸ ಐತಲ್ರೀ," ಎಂದಳು ವಾಣಿ.

"ಹೋದ ತಿಂಗಳು ಎಷ್ಟು ಬಂತು ಅದರಾಗೆ?"

"ಸಾವಿರದ ಎಂಟುನೂರು."

"ಮಗಳದು ಹತ್ತನೇ ಕ್ಲಾಸು. ಟ್ಯೂಷನ್‌ಗೇ ಎರಡು ಸಾವಿರ ಬೇಕು. ನಾನೇನು ನಿನ್ನ ಕೆಲಸ ಕೆಟ್ಟದ್ದು ಅಂದ್ನಾ? ದೀಪಾವಳಿ ತನಕ ನೋಡಾಣ. ತಿಂಗಳಿಗೆ ಆರು ಸಾವಿರ ಬಂದ್ರೆ ನೀನು ಮನೇಲಿ ಕೂತು ಆರಾಮಾಗಿ ತಿದ್ದು. ಬರ್ಲಿಲ್ಲ ಅಂದ್ರೆ ಕೌಂಟರು."

"ನಿಮ್ಮ ಅಪ್ಪಾಜಿಗೆ ಪುಕ್ಕಟೆ ಒಪ್ಕೊಬ್ಯಾಡ್ರಿ ಅಂತ ಒಂದು ಮಾತು ಹೇಳ್ರಿ ಹಂಗಾದ್ರೆ."

ಬಸವಪ್ರಭು ಪಡಸಾಲೆಯ ಕಡೆ ನೋಡಿ ದನಿ ಇಳಿಸಿದ. "ಅದು ನನ್ನ ಕೈಲಾಗಲ್ಲ. ನೀನೇ ಹೇಳು."

ಸೀರೆ ಮಡಚುವುದು ಕೀಳು ಕೆಲಸವೆಂದು ವಾಣಿಗೇನೂ ಅನ್ನಿಸಿರಲಿಲ್ಲ. ಆದರೆ ಈ ಕೆಲಸ ಅವಳಿಗೆ ಬರುತ್ತಿತ್ತು, ಚೆನ್ನಾಗಿ ಬರುತ್ತಿತ್ತು. ಬರುವ ಕೆಲಸವನ್ನು ಬಿಟ್ಟು ಬಾರದ ಕೆಲಸಕ್ಕೆ ಹೋಗಬೇಕೆಂದರೆ ಅವಳ ಮನಸ್ಸು ಒಪ್ಪಲಿಲ್ಲ.

ಮುಂದಿನ ಭಾನುವಾರ ಮನೆಯ ಮುಂದೆ ಕಾರು ನಿಂತಿತು. ಇಳಿದವನು ಮಾಲತೇಶಪ್ಪ, ಮಲೆಬೆನ್ನೂರಿನಲ್ಲಿ ರೈಸ್ ಮಿಲ್ ಇಟ್ಟವನು, ಮನೆ ಹರಿಹರದಲ್ಲಿ. ಒಂದು ಕಾಲದಲ್ಲಿ ಹರಿಹರದ ಬೇರೆಯವರ ಮಿಲ್ಲಿನಲ್ಲಿ ಮೂಟೆ ಹೊತ್ತು, ಉಳಿದ ಹೊತ್ತಿನಲ್ಲಿ ಮೇಷ್ಟ್ರ ಕ್ಲಾಸಿಗೆ ಬಂದು ಕೂರುತ್ತಿದ್ದ ಹುಡುಗ. ಡ್ರೈವರ್ ಇಪ್ಪತ್ತೈದು ಕೆಜಿ ಅಕ್ಕಿಯ ಚೀಲ ತಂದು ಪಡಸಾಲೆಯ ಮೂಲೆಗೆ ಇಟ್ಟ.

"ಬಾರೋ ಮಾಲತೇಶ, ಕೂಡು," ಎಂದರು ಮೇಷ್ಟ್ರು, ದನಿಯ ಮೇಲೆ ಗುರುತು ಹಿಡಿದು.

"ಮೇಷ್ಟ್ರೆ, ಒಂದು ಪುಸ್ತಕ ಬರ್ದೀನ್ರಿ. ನನ್ನ ಜೀವನ. ಮುನ್ನೂರ ಇಪ್ಪತ್ತು ಪುಟ ಆಗೈತೆ. ಮಗ ದಿನೇಶ್ ಕಂಪ್ಯೂಟರಿನಾಗೆ ಹೊಡೆದು ಕೊಟ್ಟಾನೆ. ಸಾವಿರ ಪ್ರತಿ ಹಾಕಿಸ್ತೀನಿ. ಹರಿಹರದಲ್ಲೇ ಬಿಡುಗಡೆ, ಎಂಟುನೂರು ಜನಕ್ಕೆ ಹೋಳಿಗೆ ಊಟ. ನೀವು ಒಂದು ಸಲ ತಿದ್ದಿ ಕೊಟ್ರೆ ನನ್ನ ಜನ್ಮ ಸಾರ್ಥಕ ಆಗುತ್ತೆ."

"ಅದಕ್ಕೇನಪ್ಪ, ಇಟ್ಟು ಹೋಗು," ಎಂದುಬಿಟ್ಟರು ಮೇಷ್ಟ್ರು.

ವಾಣಿ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮುನ್ನೂರ ಇಪ್ಪತ್ತು ಪುಟ ಎಂದರೆ ಅವಳ ಒಂದು ತಿಂಗಳು. ಲೋಟ ಕೈಗೆ ಕೊಡುತ್ತಲೇ ಹೇಳಿದಳು: "ಸಾವ್ಕಾರ್ರೆ, ಪುಟಕ್ಕೆ ಹದಿನೈದು ರೂಪಾಯಿ ಆಗುತ್ರಿ. ಎರಡು ಸಲ ಓದಿ ಕೊಡ್ತೀನಿ."

ಮೇಷ್ಟ್ರ ಮುಖ ಕೆಂಪಾಯಿತು. "ವಾಣಿ, ಒಳಗ್ಹೋಗು."

"ಹೋಗ್ತೀನಿ ಮಾವ. ಆದ್ರೆ ತಿದ್ದೋಳು ನಾನೇ ಅಲ್ವಾ?"

ಮಾಲತೇಶಪ್ಪ ಒಮ್ಮೆ ಗುರುಗಳ ಮುಖ ನೋಡಿದ, ಒಮ್ಮೆ ಅವಳ ಮುಖ ನೋಡಿದ. ವಿಷಯ ಅರ್ಥವಾಯಿತು. ವ್ಯಾಪಾರದವನು, ಬೆಪ್ಪನಲ್ಲ. ಮೇಷ್ಟ್ರಿಗೆ ಮುಜುಗರವಾಗದಂತೆ ನಕ್ಕು, ಅವಳ ಕಡೆ ತಿರುಗಿದ.

"ಒಂದು ತಪ್ಪೂ ಇಲ್ಲದ ಪುಟಕ್ಕೂ ಹದಿನೈದು ಕೊಡ್ಬೇಕೇನ್ ತಂಗಿ? ಅದ್ಯಾವ ನ್ಯಾಯ? ನಾನು ಹೇಳ್ತೀನಿ ಕೇಳು. ತಪ್ಪಿಗೆ ಎರಡು ರೂಪಾಯಿ. ಎಷ್ಟು ಹಿಡೀತೀಯೋ ಹಿಡಿ, ಅಷ್ಟಕ್ಕೂ ಕೊಡ್ತೀನಿ."

ವಾಣಿ ಕಟ್ಟಿನ ಮೊದಲ ಪುಟದ ಮೇಲೆ ಕಣ್ಣು ಹಾಯಿಸಿದಳು. ನಿಂತ ನಿಲುವಿನಲ್ಲೇ ಒಂಬತ್ತು ತಪ್ಪು ಕಂಡವು. ಹದಿನೆಂಟು ರೂಪಾಯಿ! ಆಸೆಗೆ ಬಿದ್ದಳು. "ಆಗ್ಲಿ ಸಾವ್ಕಾರ್ರೆ," ಎಂದು ಕಟ್ಟನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಮಧ್ಯಾಹ್ನ ಮೇಷ್ಟ್ರು ತಟ್ಟೆ ಮುಟ್ಟಲಿಲ್ಲ.

"ಅವನಿಗೆ ಒತ್ತಕ್ಷರ ಕಲಿಸಿದೋನು ನಾನು," ಎಂದರು. "ನೀನು ಅವನ ತಪ್ಪು ಎಣಿಸಿ ದುಡ್ಡು ಇಸ್ಕೊಂಡ್ರೆ, ಒಂದೊಂದು ತಪ್ಪಿಗೂ ನನ್ನ ಕಿವಿ ಹಿಂಡಿದಂಗೆ."

"ಕಿವಿ ಆಮ್ಯಾಲೆ ಹಿಂಡಿಸ್ಕೊಳ್ರಿ, ಸಾರು ಆರಿ ಹೋಗ್ತೈತೆ," ಎಂದರು ಸರ್ವಮಂಗಳಮ್ಮ.

"ನಲವತ್ತು ವರ್ಷ ಯಾರ ಹತ್ರಾನೂ ಒಂದು ಪೈಸೆ ಮುಟ್ಟಿಲ್ಲ."

"ನಿಮಗೆ ಸರ್ಕಾರದ ಪಗಾರ ಇತ್ತು ಮಾವ," ಎಂದಳು ವಾಣಿ. "ಈಗ ಪಿಂಚಣಿ ಐತೆ. ನನಗೇನೈತೆ?"

ಮೇಷ್ಟ್ರು ತಟ್ಟೆ ಹತ್ತಿರ ಎಳೆದುಕೊಂಡರು. ಎರಡು ತುತ್ತು ತಿಂದು ಎದ್ದರು.

ವಾಣಿಗೆ ಒಂದು ಅಭ್ಯಾಸವಿತ್ತು. ಕರಡನ್ನು ಮನಸ್ಸಿನಲ್ಲಿ ಓದುತ್ತಿರಲಿಲ್ಲ, ಗಟ್ಟಿಯಾಗಿ ಓದುತ್ತಿದ್ದಳು. ಬರೀ ಕಣ್ಣಿಗೆ ಬಿಟ್ಟರೆ ಅದು ಇಲ್ಲದ್ದನ್ನೂ ಇದೆ ಅಂದುಕೊಂಡು ಮುಂದೆ ಹೋಗುತ್ತದೆ, ಬಾಯಿ ಹಾಗೆ ಹೋಗಲು ಬಿಡುವುದಿಲ್ಲ ಎಂದು ಡಿಟಿಪಿ ಅಂಗಡಿಯಲ್ಲಿ ಕಲಿತಿದ್ದಳು. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಎಲ್ಲರ ಪುಸ್ತಕವೂ ಕೇಳಿಸುತ್ತಿತ್ತು. ಮೇಷ್ಟ್ರು ಸಿಟ್ಟಿನಲ್ಲಿದ್ದರೂ ಪಡಸಾಲೆಯ ಕುರ್ಚಿಯನ್ನು ನಾಲ್ಕಡಿ ಒಳಕ್ಕೆ ಎಳೆದುಕೊಂಡು ಕೂತರು. ಸರ್ವಮಂಗಳಮ್ಮ ಅವರೆಕಾಯಿ ಸುಲಿಯುತ್ತಾ, ತೊಗರಿಬೇಳೆ ಹಸನು ಮಾಡುತ್ತಾ, ಬಟ್ಟೆ ಮಡಚುತ್ತಾ, ಮಾಲತೇಶಪ್ಪನ ಜೀವನವನ್ನು ಧಾರಾವಾಹಿ ಕೇಳಿದ ಹಾಗೆ ಕೇಳಿದರು.

"ಅಯ್ಯೋ ಪಾಪ, ಅವರಪ್ಪ ಅಷ್ಟು ಬೇಗ ಹೋದ್ನಾ?" ಎನ್ನುವರು. ಇಲ್ಲವೇ, "ನಿಲ್ಸು ನಿಲ್ಸು, ಕುಕ್ಕರ್ ಕೂಗಿತು. ಈಗ ಓದು."

ಹದಿನೆಂಟು ದಿನ ಹೀಗೇ ಓದಿದಳು. ಬೆಳಿಗ್ಗೆ ಡಬ್ಬಿ ಕಟ್ಟಿದ ಮೇಲೆ ಎರಡು ತಾಸು, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಮೂರು ತಾಸು. ಕೊನೆಗೆ ಎಣಿಸಿದರೆ ಸಾವಿರದ ಒಂಬೈನೂರ ಹನ್ನೆರಡು ತಪ್ಪು. ಮಗಳು ಸ್ನೇಹಾ ಕ್ಯಾಲ್ಕುಲೇಟರ್ ಒತ್ತಿ ಕೂಗಿದಳು, "ಅಮ್ಮ! ಮೂರು ಸಾವಿರದ ಎಂಟುನೂರ ಇಪ್ಪತ್ನಾಲ್ಕು!" ಬಸವಪ್ರಭು ಕೂಡ ಆ ದಿನ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದ.

ನಾಲ್ಕು ದಿನ ಬಿಟ್ಟು ಮಾಲತೇಶಪ್ಪ ಕಟ್ಟಿನ ಸಮೇತ ಬಂದ. ಕೆಂಪು ಗುರುತುಗಳ ಪಕ್ಕದಲ್ಲಿ ಈಗ ನೀಲಿ ಅಡ್ಡಗೆರೆಗಳಿದ್ದವು.

"ತಂಗಿ, ಒಂದೇ ತಪ್ಪು ನೂರು ಸಲ ಬಂದೈತೆ. ಅದಕ್ಕೆ ನೂರು ಸಲ ದುಡ್ಡು ಹಾಕಿದ್ರೆ ಹೆಂಗೆ? ನನಗೆ ಗೊತ್ತಿಲ್ಲದ್ದು ಒಂದೇ ಅಲ್ವಾ? ಒಂದೇ ಲೆಕ್ಕ."

"ನೂರು ಜಾಗದಾಗೂ ನಾನು ಹುಡುಕಿ ತಿದ್ದಬೇಕಲ್ರಿ ಸಾವ್ಕಾರ್ರೆ."

"ಮತ್ತೆ ಇವೆಲ್ಲ ನಾವು ಮನೇಲಿ ಮಾತಾಡೋ ಹಂಗೆ ಬರ್ದಿರೋವು. ಅವನ್ನೂ ತಪ್ಪು ಅಂದೀಯ. ದಿನೇಶ್ ಕಂಪ್ಯೂಟರಿಗೆ ಹಾಕಿ ನೋಡಿದ, ಅದು ಅರ್ಧಾನೂ ತೋರಿಸ್ಲಿಲ್ಲ." ಅವನು ಸ್ವಲ್ಪ ತಡೆದು, ನಗುತ್ತಲೇ ಹೇಳಿದ, "ಲೆಕ್ಕ ಬೆಳೆಸಿದಂಗೆ ಕಾಣ್ತೈತೆ. ಬ್ಯಾಸರ ಮಾಡ್ಕೊಬ್ಯಾಡ."

ಆರುನೂರ ನಲವತ್ತು ತಪ್ಪುಗಳನ್ನು ಒಪ್ಪಿಕೊಂಡು ಸಾವಿರದ ಇನ್ನೂರ ಎಂಬತ್ತು ರೂಪಾಯಿ ಎಣಿಸಿಟ್ಟ. ತಿದ್ದಿದ್ದನ್ನೆಲ್ಲ ಹಾಕಿ, ಫೋಟೋ ಕೂಡಿಸಿ, ಹರಿಹರದ ಪ್ರೆಸ್ಸಿನವರು ಎರಡನೇ ಕರಡು ಕೊಡುತ್ತಾರೆ, ಅದನ್ನೂ ಅದೇ ದರಕ್ಕೆ ನೋಡಿಕೊಡಬೇಕು ಎಂದ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಶಿಷ್ಯನ ಪರವೂ ಮಾತಾಡಲಿಲ್ಲ, ಸೊಸೆಯ ಪರವೂ ಮಾತಾಡಲಿಲ್ಲ.

ಕಾರು ಹೋದ ಮೇಲೆ ವಾಣಿಗೆ ಅಳು ಬಂತು, ಅತ್ತಳು. ದುಡ್ಡು ಕಡಿಮೆಯಾಗಿದ್ದಕ್ಕಿಂತ ಲೆಕ್ಕ ಬೆಳೆಸಿದ್ದಾಳೆ ಎಂದದ್ದು ಅವಳಿಗೆ ನಾಟಿತ್ತು. ಅತ್ತಾದ ಮೇಲೆ ಅದೇ ಮನುಷ್ಯ ತಂದುಕೊಟ್ಟ ಅಕ್ಕಿ ತೊಳೆದು ಒಲೆ ಮೇಲಿಟ್ಟಳು.

"ನಾಟಿಗೆ ಹೋಗೋರಿಗೆ ಮೂರು ದಿನಕ್ಕೆ ಇಷ್ಟು ಸಿಗುತ್ತೆ," ಎಂದ ಬಸವಪ್ರಭು ಸಂಜೆ. ಚುಚ್ಚಬೇಕೆಂದು ಅಂದದ್ದಲ್ಲ, ಲೆಕ್ಕ ಹಾಗಿತ್ತು.

ದಸರೆ ಮುಗಿಯಿತು. ಬನ್ನಿ ಕೊಟ್ಟು ತಗೊಂಡು ಆದ ಮರುದಿನ ಎರಡನೇ ಕರಡು ಬಂತು, ಜೊತೆಗೆ ಕೆಂಪು ಗುರುತಿನ ಹಳೇ ಕಟ್ಟು. ದೀಪಾವಳಿಗೆ ಮೂರು ವಾರವಿತ್ತು. ವಾಣಿ ಮೊದಲ ಹತ್ತು ಪುಟ ಓದಿದಳು, ಒಂದೂ ತಪ್ಪು ಸಿಗಲಿಲ್ಲ. ಹೇಗೆ ಸಿಗುತ್ತದೆ? ಎಲ್ಲ ಅವಳೇ ತೆಗೆದಿದ್ದಳಲ್ಲ.

"ಮ್ಯಾಲೆ ಮ್ಯಾಲೆ ನೋಡಿ ಕೊಟ್ಟುಬಿಡು," ಎಂದ ಬಸವಪ್ರಭು. "ಚೆನ್ನಾಗಿ ಕೆಲಸ ಮಾಡಿದಷ್ಟೂ ನಿನಗೇ ಲುಕ್ಸಾನು ಇದರಾಗೆ."

"ಗೊತ್ತು."

"ಗೊತ್ತಿದ್ದೂ ಓದ್ತೀಯ?"

"ಓದ್ತೀನಿ. ಓದ್ದೆ ಇದ್ರೆ ಇಲ್ಲ ಅಂತ ಹೆಂಗೆ ಹೇಳ್ಲಿ?"

ಮತ್ತೆ ಗಟ್ಟಿಯಾಗಿ ಓದು ಶುರುವಾಯಿತು. ಮಾಲತೇಶಪ್ಪನ ಅಪ್ಪ ಎರಡನೇ ಸಲ ಸತ್ತ, ಸರ್ವಮಂಗಳಮ್ಮ ಎರಡನೇ ಸಲವೂ ಅಯ್ಯೋ ಅಂದರು. ಎರಡನೇ ದಿನ, ನಲವತ್ತೆರಡನೇ ಪುಟ ಮುಗಿಸಿ ವಾಣಿ ಹಾಳೆ ತಿರುವುತ್ತಿದ್ದಾಗ ಅತ್ತೆ ಬೇಳೆಯ ಮೊರದಿಂದ ತಲೆ ಎತ್ತಿದರು.

"ಅಲ್ಲ ವಾಣಿ, ಸುಂಕಲಮ್ಮ ಎಲ್ಲಿ?"

"ಯಾವ ಸುಂಕಲಮ್ಮ ಅತ್ತೆ?"

"ರೊಟ್ಟಿ ಕೊಟ್ಟೋಳು. ಹೋದ ಸಲ ಇದ್ಲಲ್ಲೇ, ಸೆರಗಿನಾಗೆ ಎರಡು ರೊಟ್ಟಿ ಕಟ್ಕೊಂಡು ಬಂದೋಳು. ಇವನು ಮಿಲ್ಲಿಗೆ ಸೇರಿದ್ದೂ ಆತು, ಸಾಲಿ ಬಿಟ್ಟಿದ್ದೂ ಆತು, ಅವಳು ಬರಲೇ ಇಲ್ಲ. ಬಿಟ್ಟು ಓದಿದ್ಯೇನು?"

"ನಿನಗೆ ರೊಟ್ಟಿ ಸಾರಿನ ಸಂಗತಿ ಮಾತ್ರ ನೆನಪಿರುತ್ತೆ," ಎಂದರು ಮೇಷ್ಟ್ರು. "ಕಥೆ ಸರಿಯಾಗೇ ಹೋಗ್ತಾ ಐತೆ. ಎಲ್ಲೂ ತುಂಡಾಗಿಲ್ಲ."

ವಾಣಿ ಹಳೇ ಕಟ್ಟು ಬಿಚ್ಚಿದಳು. ಸುಂಕಲಮ್ಮ ಅಲ್ಲಿದ್ದಳು, ನಲವತ್ತೊಂದನೇ ಪುಟದಲ್ಲಿ, ಹದಿನೇಳು ಸಾಲು. ಹೊಸದರಲ್ಲಿ ಆ ಜಾಗಕ್ಕೆ ಮಿಲ್ಲಿನ ಫೋಟೋ ಬಂದು ಕೂತಿತ್ತು. ಫೋಟೋ ಕೂಡಿಸುವಾಗ ಇಡೀ ಪ್ಯಾರಾ ಹಾರಿಹೋಗಿದೆ. ಮೇಲಿನ ಸಾಲೂ ಕೆಳಗಿನ ಸಾಲೂ ಚೆನ್ನಾಗಿ ಹೊಂದಿಕೊಂಡಿದ್ದವು, ನಡುವೆ ಏನೋ ಇತ್ತೆಂದು ಯಾರಿಗೂ ಅನುಮಾನ ಬರುವಂತಿರಲಿಲ್ಲ. ಆ ಹದಿನೇಳು ಸಾಲನ್ನು ಮೊದಲ ಸಲ ತಿದ್ದುವಾಗ ಅವಳ ಗಮನವೆಲ್ಲ ತಪ್ಪು ಎಣಿಸುವುದರಲ್ಲಿತ್ತು. ಈಗ ಮನಸ್ಸಿನಲ್ಲೇ ಓದಿ, ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಓದಿದಳು.

"ಹೋಗೈತಾ?" ಎಂದರು ಮೇಷ್ಟ್ರು.

"ಹೋಗೈತೆ ಮಾವ. ಪೂರ್ತಿ."

"ಏನು ಬರ್ದಾನೆ ಅಲ್ಲಿ? ಓದು."

ಓದಿದಳು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು, ಒರೆಸಿದರೂ ಕಾಣದ ಕನ್ನಡಕ. "ನನಗೆ ಗೊತ್ತಾಗ್ಲಿಲ್ಲ," ಎಂದರು.

ಎಂಟು ದಿನದ ಓದು ಮುಗಿದಾಗ ಒಟ್ಟು ಹನ್ನೊಂದು ತಪ್ಪು, ಸುಂಕಲಮ್ಮನೂ ಸೇರಿ. ಊಟಕ್ಕೆ ಕೂತಾಗ ಬಸವಪ್ರಭು ಎಷ್ಟಾಯಿತೆಂದು ಕೇಳಿದ.

"ಇಪ್ಪತ್ತೆರಡು ರೂ‍ಪಾಯಿ."

ಅವನು ನಕ್ಕ. ಸ್ನೇಹಾಳೂ ನಕ್ಕು, ಅಮ್ಮನ ಮುಖ ನೋಡಿ ನಿಲ್ಲಿಸಿದಳು.

"ಹರಿಹರಕ್ಕೆ ಹೋಗಿ ಕೊಟ್ಟು ಬರೋ ಬಸ್ ಚಾರ್ಜಿಗೂ ಆಗಲ್ಲ," ಎಂದ ಬಸವಪ್ರಭು.

"ಅಮ್ಮಂಗೆ ಬಸ್ ಫ್ರೀ ಅಲ್ವಾ ಅಪ್ಪ," ಎಂದಳು ಸ್ನೇಹಾ.

"ನಾನೂ ಬರ್ತೀನಿ ಹರಿಹರಕ್ಕೆ," ಎಂದರು ಮೇಷ್ಟ್ರು. "ನನಗೆ ಫ್ರೀ ಇಲ್ಲ. ಟಿಕೆಟ್ ನಾನೇ ತಗೊಳ್ತೀನಿ."

ಮಾವ ಆ ಇಪ್ಪತ್ತೆರಡು ರೂಪಾಯಿಯನ್ನೂ ಬೇಡವೆಂದು ಹೇಳಿ, ಶಿಷ್ಯನ ಮುಂದೆ ಸೊಸೆಯ ಪರವಾಗಿ ಕ್ಷಮೆ ಕೇಳಿ ಬರುತ್ತಾರೆ. ವಾಣಿ ಹಾಗೆಂದೇ ತಿಳಿದಳು. ಹರಿಹರದ ಸ್ಟ್ಯಾಂಡಿನಲ್ಲಿ ಇಳಿದು, ಆಟೋ ಬೇಡವೆಂದು ಮೇಷ್ಟ್ರು ಹಟ ಹಿಡಿದು, ಸೊಸೆಯ ಭುಜದ ಮೇಲೆ ಕೈಯಿಟ್ಟುಕೊಂಡು ನಡೆದರು. ಒಂದು ಕಾಲದಲ್ಲಿ ಆ ಬೀದಿಯಲ್ಲಿ ಅವರು ಬಂದರೆ ಹುಡುಗರು ಸೈಕಲ್ ಇಳಿಯುತ್ತಿದ್ದರು.

ಮಾಲತೇಶಪ್ಪನ ಮನೆಯ ಹಾಲಿನಲ್ಲಿ ಅವನ ತಾಯಿ ಭೀಮವ್ವನ ದೊಡ್ಡ ಫೋಟೋ, ಅದಕ್ಕೆ ಗಂಧದ ಹಾರ. ಹೆಂಡತಿ ಸುನೀತಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಮಾಲತೇಶಪ್ಪ ಕರಡಿನ ಕಟ್ಟು ತೆಗೆದುಕೊಂಡು ಹುರುಪಿನಿಂದ ಕೇಳಿದ, "ಎಷ್ಟು ಸಿಕ್ವು ತಂಗಿ?"

"ಹನ್ನೊಂದು. ಇಪ್ಪತ್ತೆರಡು ರೂಪಾಯಿ."

"ನೋಡಿದ್ರಾ ಮೇಷ್ಟ್ರೆ! ಹತ್ತೊಂಬತ್ತು ನೂರು ಇದ್ದಿದ್ದು ಹನ್ನೊಂದಕ್ಕೆ ಇಳೀತು." ಜೇಬಿನಿಂದ ಐವತ್ತರ ನೋಟು ತೆಗೆದ. "ಚಿಲ್ಲರೆ ಬ್ಯಾಡ, ಇಟ್ಕೊ."

"ನೋಟು ಹಿಡ್ಕೊಂಡಿರು," ಎಂದರು ಮೇಷ್ಟ್ರು. ಕ್ಲಾಸಿನ ದನಿ. ಮಾಲತೇಶಪ್ಪನ ಕೈ ಅಲ್ಲೇ ನಿಂತಿತು. "ಅವುಗಳಲ್ಲಿ ಒಂದು ಏನು ಅಂತ ಕೇಳು ಮೊದಲು. ವಾಣಿ, ಹಳೇ ಕಟ್ಟಿನಾಗೆ ನಲವತ್ತೊಂದನೇ ಪುಟ ತೆಗೆ. ಬಿಟ್ಟುಹೋದದ್ದನ್ನ ಓದು. ಇವನಿಗೆ ಕೇಳಿಸ್ಲಿ."

ವಾಣಿ ಓದಿದಳು. ಯಾವ ಏರಿಳಿತವೂ ಇಲ್ಲದೆ, ಊಟದ ಮೇಜಿನ ಮುಂದೆ ಕೂತು ಓದುವ ಹಾಗೆಯೇ ಓದಿದಳು.

"ನಮ್ಮವ್ವ ಮಿಲ್ಲಿನ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ವರ್ಷ ಸಾಹುಕಾರರು ದಿನಗೂಲಿ ನಿಲ್ಲಿಸಿದರು. ಆರಿಸಿ ತೆಗೆದ ಕಲ್ಲನ್ನು ತೂಕ ಹಾಕಿ, ಅದರ ಲೆಕ್ಕಕ್ಕೆ ಕೂಲಿ ಎಂದರು. ಮೊದಲ ವಾರ ಕಲ್ಲು ತುಂಬಿದ ಅಕ್ಕಿ ಬಂತು. ಅವ್ವ ಜಾಸ್ತಿ ಕಲ್ಲು ತಂದಳೆಂದು, ನೆಲದ ಕಲ್ಲು ಬೆರೆಸಿದ್ದೀಯ ಎಂದು ಅರ್ಧ ಕೂಲಿ ಮುರಿದರು. ಎರಡನೇ ವಾರ ಒಳ್ಳೆಯ ಅಕ್ಕಿ ಬಂತು. ಅವ್ವ ಬೆಳಗಿನಿಂದ ಹೊತ್ತು ಮುಳುಗುವ ತನಕ ಬಗ್ಗಿ ಕೂತರೂ ಒಂದು ಹಿಡಿ ಕಲ್ಲು ಆಗಲಿಲ್ಲ. ತಕ್ಕಡಿಯಲ್ಲಿ ಏನೂ ತೂಗಲಿಲ್ಲ. ಆ ದಿನ ನಮ್ಮ ಒಲೆ ಹೊತ್ತಲಿಲ್ಲ. ಪಕ್ಕದ ಗುಡಿಸಲಿನ ಸುಂಕಲಮ್ಮ ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಬಂದು, ಹುಡುಗನಿಗೆ ಕೊಡೇ ಭೀಮಿ, ಎಂದಳು. ಒಂದನ್ನು ನಾನು ತಿಂದೆ. ಇನ್ನೊಂದನ್ನೂ ಅವ್ವ ನನಗೇ ಕೊಟ್ಟಳು."

ಮೊದಲು ಮಾತಾಡಿದವಳು ಸುನೀತಾ. "ಅಯ್ಯೋ ಶಿವನೇ! ಸುಂಕಲಮ್ಮಜ್ಜಿನ ಕರ್ಕೊಂಡು ಬರಾಕೆ ಕಾರು ಹೇಳಿದೀರಿ, ಮುಂದಿನ ಸಾಲಿಗೆ ಕೂಡಿಸ್ತೀನಿ ಅಂದೀರಿ. ಪುಸ್ತಕದಾಗೆ ಅಜ್ಜಿನೇ ಇಲ್ಲ ಅಂದಿದ್ರೆ ಏನು ಮುಖ ತೋರಿಸ್ತಿದ್ರಿ?"

"ಹ್ಞೂಂ," ಎಂದ ಮಾಲತೇಶಪ್ಪ. "ದೊಡ್ಡ ತಪ್ಪು ಹಿಡಿದಿ ತಂಗಿ. ಮಾನ ಉಳೀತು." ಐವತ್ತರ ನೋಟನ್ನು ಮಡಚಿ ಜೇಬಿಗಿಟ್ಟು, ಐನೂರರದ್ದು ತೆಗೆದ. ವಾಣಿ ಕೈ ಚಾಚಲಿಲ್ಲ. ಮಾಲತೇಶಪ್ಪ ಇಬ್ಬರ ಮುಖವನ್ನೂ ನೋಡಿ, ಏನು ತಪ್ಪಾಯಿತೆಂದು ತಿಳಿಯದೆ, ಆ ಹಾಳೆಯನ್ನು ತಾನೇ ಇಸಿದುಕೊಂಡು ಓದತೊಡಗಿದ. ತುಟಿ ಆಡುತ್ತಿದ್ದವು. ಅರ್ಧಕ್ಕೆ ಬಂದಾಗ ನಿಂತವು.

ಅವನು ಅವ್ವನ ಫೋಟೋದ ಕಡೆ ನೋಡಲಿಲ್ಲ. ನೋಡಬಾರದೆಂದೇ ಮಂಡಕ್ಕಿಯ ತಟ್ಟೆ ನೋಡುತ್ತಾ ಕೂತ.

"ಅರ್ಧ ಕೂಲಿ ಮುರಿದಿದ್ದೂ ಹಂಗೇ ಆತಲ್ರಿ ಮೇಷ್ಟ್ರೆ," ಎಂದ ಕೊನೆಗೆ.

"ನನ್ನ ಕೇಳಬ್ಯಾಡ. ಮೊರ ಹಿಡಿದು ಕೂತಿದ್ದೋಳು ಅವಳು."

"ನನ್ನ ಮಿಲ್ಲಿನಾಗೆ ನಾನು ಯಾವತ್ತೂ ಹಂಗೆ ಮಾಡಿಲ್ರಿ. ಎಲ್ಲರಿಗೂ ದಿನಗೂಲಿ. ಕಲ್ಲು ಸಿಗ್ಲಿ ಬಿಡ್ಲಿ." ಅವನು ವಾಣಿಯ ಕಡೆ ತಿರುಗಿದ. "ಪುಟಕ್ಕೆ ಎಷ್ಟು ಅಂದಿದ್ದೆ ತಂಗಿ?"

"ಹದಿನೈದು. ಮುನ್ನೂರ ಇಪ್ಪತ್ತು ಪುಟ."

ನಾಲ್ಕು ಸಾವಿರದ ಎಂಟುನೂರು. ವ್ಯಾಪಾರದವನು ಎಲ್ಲಿ ಬಿಡುತ್ತಾನೆ, ಮೊದಲು ಕೊಟ್ಟಿದ್ದ ಸಾವಿರದ ಇನ್ನೂರ ಎಂಬತ್ತನ್ನು ಮುರಿದುಕೊಂಡೇ ಉಳಿದದ್ದನ್ನು ಎಣಿಸಿ ಕೊಟ್ಟ. ವಾಣಿ ಎಣಿಸದೆ ಚೀಲಕ್ಕೆ ಹಾಕಿಕೊಂಡು, ಬಜ್ಜಿ ಒಂದು ತಿಂದಳು. ತಣ್ಣಗಾಗಿತ್ತು, ಆದರೂ ರುಚಿಯಾಗಿತ್ತು.

ವಾಪಸ್ ಬರುವಾಗ ಬಸ್ಸು ಊರು ದಾಟಿದ ಮೇಲೆ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು, "ನಾನೇ ತಿದ್ದಿದ್ರೆ ಸುಂಕಲಮ್ಮ ಹೋಗೇಬಿಡ್ತಿದ್ಲು."

ಪುಸ್ತಕ ದೀಪಾವಳಿಯ ಹಿಂದಿನ ಭಾನುವಾರ ಬಿಡುಗಡೆಯಾಯಿತು. ಸುಂಕಲಮ್ಮ ಮುಂದಿನ ಸಾಲಿನಲ್ಲಿ ಕೂತು ಎರಡು ಹೋಳಿಗೆ ತಿಂದಳು. ಮೇಷ್ಟ್ರಿಗೆ ಅರವತ್ತೇಳನೇ ಶಾಲು ಬಂತು. ಪುಸ್ತಕದ ಮುನ್ನುಡಿಯಲ್ಲಿ, ಕರಡು ತಿದ್ದಿಕೊಟ್ಟ ಪೂಜ್ಯ ಗುರುಗಳಾದ ಹಾಲೇಶಪ್ಪನವರಿಗೂ ಅವರ ಮನೆಯವರಿಗೂ ನಮಸ್ಕಾರಗಳು ಎಂದಿತ್ತು. ಮನೆಯವರು ಎಂದರೆ ಯಾರೆಂದು ಸರ್ವಮಂಗಳಮ್ಮ ಕೇಳಿದರು. "ನೀವೇ ಇರ್ಬೇಕು ಅತ್ತೆ, ಸುಂಕಲಮ್ಮನ್ನ ಹಿಡಿದಿದ್ದು ನೀವೇ ಅಲ್ವಾ," ಎಂದು ವಾಣಿ ನಕ್ಕಳು.

ಹಬ್ಬ ಕಳೆದ ಮರುದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ ಬಸವಪ್ರಭು ಲೆಕ್ಕ ಕೇಳಿದ. ಕೇಳಲೇಬೇಕಿತ್ತು, ಸೋಮವಾರ ಸೀರೆ ಅಂಗಡಿಗೆ ಉತ್ತರ ಕೊಡಬೇಕಾಗಿತ್ತು.

"ಈ ತಿಂಗಳು ಮಾಲತೇಶಪ್ಪಂದು ಮೂರು ಸಾವಿರದ ಐನೂರ ಇಪ್ಪತ್ತು. ಇನ್ನೊಬ್ರದ್ದು ಸಾವಿರದ ಐನೂರು," ಎಂದಳು ವಾಣಿ.

"ಆರು ಆಗ್ಲಿಲ್ಲ."

"ಆಗ್ಲಿಲ್ಲ."

"ಮತ್ತೆ ಅವರಿಗೆ ಏನು ಹೇಳ್ಲಿ?"

ಅವಳು ಚಟ್ನಿಪುಡಿಗೆ ಮೊಸರು ಕಲಸುತ್ತಾ ಕೂತಳು. ಅಷ್ಟರಲ್ಲಿ ಮೇಷ್ಟ್ರ ಫೋನು ಹೊಡೆದುಕೊಂಡಿತು. ಸ್ನೇಹಾ ಎತ್ತಿ, ಸ್ಪೀಕರಿಗೆ ಹಾಕಿ ಅಜ್ಜನ ಮುಂದೆ ಹಿಡಿದಳು. ಹರಿಹರದ ಹತ್ತಿರದ ಸಾರಥಿ ಊರಿನಿಂದ ದ್ರಾಕ್ಷಾಯಣಮ್ಮ, ಅಂಗನವಾಡಿಯಿಂದ ನಿವೃತ್ತರಾದವರು. ಮಕ್ಕಳ ಪದ್ಯ ಬರೆದಿದ್ದಾರಂತೆ, ನೂರ ನಲವತ್ತು ಪುಟ. ಹರಿಹರದ ಸಮಾರಂಭದಲ್ಲಿ ಮೇಷ್ಟ್ರನ್ನು ನೋಡಿದರಂತೆ. "ನೀವೇ ನಿಮ್ಮ ಕೈಯಾರೆ ತಿದ್ದಿ ಕೊಡಬೇಕ್ರಿ ಸಾರ್."

ಬಸವಪ್ರಭುವಿನ ತುತ್ತು ಅರ್ಧದಲ್ಲೇ ನಿಂತಿತು. ವಾಣಿ ತಟ್ಟೆ ನೋಡುತ್ತಿದ್ದಳು.

"ನನಗೆ ಕಣ್ಣು ಕಾಣಲ್ಲ ತಾಯಿ," ಎಂದರು ಮೇಷ್ಟ್ರು. "ಮೂರು ವರ್ಷ ಆತು. ಈ ಮೂರು ವರ್ಷದಾಗೆ ನನ್ನ ಹೆಸರಿನಲ್ಲಿ ಬಂದಿದ್ದೆಲ್ಲ ತಿದ್ದಿದ್ದು ನನ್ನ ಸೊಸೆ. ವಾಣಿ. ವಾಣಿ ಅಂತ ಬರ್ಕೊಳ್ಳಿ. ಪುಟಕ್ಕೆ ಹದಿನೈದು ರೂಪಾಯಿ ತಗೊಳ್ತಾಳೆ. ತಪ್ಪು ಇರ್ಲಿ ಬಿಡ್ಲಿ, ಅಷ್ಟೇ."

ಆ ಕಡೆಯಿಂದ ದ್ರಾಕ್ಷಾಯಣಮ್ಮ ಏನೋ ಅಂದರು. ತಮ್ಮನ್ನು ವೇದಿಕೆಗೆ ಕರೆದು ಶಾಲು ಹೊದಿಸುವ ಆಸೆಯಿತ್ತು ಎಂದರೇನೋ.

"ಶಾಲು ಬ್ಯಾಡ ತಾಯಿ. ಅರವತ್ತೇಳು ಅದಾವೆ ಮನೇಲಿ. ಮಿಕ್ಸಿಗೂ ಹೊದಿಸೈತಿ. ತಡೀರಿ, ಅವಳಿಗೇ ಕೊಡ್ತೀನಿ, ಮಾತಾಡ್ರಿ."

ಸ್ನೇಹಾ ಫೋನನ್ನು ಅಮ್ಮನ ಕಡೆ ದಾಟಿಸಿದಳು. ವಾಣಿಯ ಬಲಗೈ ಊಟದಲ್ಲಿತ್ತು. ಎಡಗೈಯಲ್ಲಿ ಹಿಡಿದುಕೊಂಡು, "ಹೇಳ್ರಿ ಅಮ್ಮಾರೆ, ವಾಣಿ ಮಾತಾಡ್ತಿರೋದು," ಎಂದು ಎದ್ದು ಕಿಟಕಿಯ ಹತ್ತಿರ ಹೋದಳು. ಮೇಷ್ಟ್ರು ಏನೂ ಆಗದವರಂತೆ ಅನ್ನಕ್ಕೆ ಸಾರು ಕಲಸಿಕೊಂಡರು. ಬಸವಪ್ರಭು ಅಪ್ಪನ ಮುಖ ನೋಡಿದ, ಹೆಂಡತಿಯ ಬೆನ್ನು ನೋಡಿದ. ಸೋಮವಾರದ ಮಾತು ಮತ್ತೆ ಎತ್ತಲಿಲ್ಲ.

"ವಾಣಿ, ಇನ್ನೊಂದು ರೊಟ್ಟಿ," ಎಂದ ಅಭ್ಯಾಸಬಲದಿಂದ.

ಸರ್ವಮಂಗಳಮ್ಮ ರೊಟ್ಟಿಯ ಬುಟ್ಟಿಯನ್ನು ಮಗನ ಮುಂದೆ ತಳ್ಳಿದರು.

"ಕೈ ಐತಲ್ಲ, ಹಾಕ್ಕೊ," ಎಂದರು. "ಅವಳು ಕೆಲಸದಾಗೆ ಅದಾಳೆ."